ಫಾರ್ಮಿನಲ್ಲಿ ಒಂದೇ ಹೆಸರಿಗೆ ಜಾಗ

ಮೊನ್ನೆ ನಮ್ಮ ಮನೆಗೆ ಹೊಸ ಇಂಟರ್ನೆಟ್ ಲೈನ್ ಎಳೆಯಲು ಬಂದ ಮನುಷ್ಯ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಚೀಲದಿಂದ ಒಂದು ಫಾರ್ಮ್ ತೆಗೆದು ಟೀಪಾಯಿಯ ಮೇಲಿಟ್ಟ. ಗೋಡೆ ಕೊರೆದ ಸುಣ್ಣದ ಪುಡಿ ಅದರ ಮೇಲೂ ಉದುರಿತು. "ಯಾರ ಹೆಸರಿನ ಮ್ಯಾಲ ಮಾಡ್ಲಿ ರೀ?" ಎಂದ. ನಾನು ಕನ್ನಡಕ ಹುಡುಕುತ್ತಿದ್ದೆ. ನಮ್ಮಲ್ಲಿದ್ದು ಡಿಗ್ರಿ ಓದುತ್ತಿರುವ ಅಕ್ಕನ ಮಗಳು, "ಇಂಗ್ಲಿಷಿನ್ಯಾಗ ಅದ ಮಾಮಾ, ನಾ ತುಂಬ್ತೀನಿ ಕೊಡು" ಎಂದು ಪೆನ್ನಿಗೆ ಕೈ ಚಾಚಿದಳು. ಫಾರ್ಮಿನಲ್ಲಿ ಹೆಸರಿಗೆ ಒಂದೇ ಒಂದು ಜಾಗವಿತ್ತು. ಅದನ್ನು ನೋಡಿದ್ದೇ ನಾನು ಕನ್ನಡಕ ಹುಡುಕುವುದನ್ನು ಬಿಟ್ಟೆ. ಫಾರ್ಮ್ ನೋಡಿ ಹೆದರುವವನು ಎಂಥ ಮನುಷ್ಯ ಎಂದು ನೀವು ನಗಬಹುದು. ಸ್ವಲ್ಪ ಕೂತು ಕೇಳಿ, ಆಮೇಲೆ ನಗಬೇಕೆನಿಸಿದರೆ ನಗಿ.

ಅವು ಪ್ರತ್ಯೇಕ ತೆಲಂಗಾಣ ರಾಜ್ಯದ ಚಳವಳಿಯ ವರ್ಷಗಳು. ಬೀದರಿನ ಗಡಿಗೆ ಹೊಂದಿದ ನಮ್ಮ ಊರು ಜಹೀರಾಬಾದಿನಲ್ಲಿ ಅಂಗಡಿಗಳು ತೆರೆದ ದಿನಗಳಿಗಿಂತ ಮುಚ್ಚಿದ ದಿನಗಳೇ ನನಗೆ ಹೆಚ್ಚು ನೆನಪಿವೆ. ರಸ್ತೆ ತಡೆಯಲು ಚಳವಳಿಯವರು ಹೈವೇ ನಡುವೆ ಒಲೆ ಹೂಡಿ ಅಡುಗೆ ಮಾಡಿ, ಅಲ್ಲೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ನಾನೂ ಉಂಡಿದ್ದೇನೆ, ಸಾರು ಬಹಳ ರುಚಿಯಾಗಿರುತ್ತಿತ್ತು. ಬಸ್ಸಿಲ್ಲ, ಪರೀಕ್ಷೆಯಿಲ್ಲ. ಕಂಪ್ಯೂಟರ್ ಓದಿದ್ದ ನಾನು ಸಂದರ್ಶನಕ್ಕೆಂದು ಇಸ್ತ್ರಿ ಮಾಡಿಸಿಟ್ಟ ಅಂಗಿ ಹಾಗೇ ಮಡಿಕೆಯ ಮೇಲೆ ಹಳದಿಯಾಗುತ್ತಿತ್ತು. ಆಗ ಕೇಬಲ್ ಟೀವಿಯ ಮಾಣಿಕಣ್ಣ ನನ್ನನ್ನು ಕರೆದ. ಟೀವಿಯ ಕಂಬಗಳ ಮೇಲೆಯೇ ಇಂಟರ್ನೆಟ್ ವೈರನ್ನೂ ಎಳೆದು ನಮ್ಮ ಓಣಿಗಳಿಗೆ ಕೊಟ್ಟವನು ಆತ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳಿದರೆ ನೀವು ನಂಬುವುದಿಲ್ಲ.

"ನೆಟ್ ಸ್ಲೋ ಅದ, ನೆಟ್ ಸ್ಲೋ ಅದ ಅಂತ ಮಂದಿ ನನ್ನ ತಲಿ ತಿನ್ಲತ್ತಾರ," ಎಂದ. "ಯಾವನೋ ಒಬ್ಬಾಂವ ಪೂರಾ ಎಳ್ಕೊಳ್ಳತಾನ. ಯಾರು ಅಂತ ಗೊತ್ತಾಗೋ ಹಂಗ ಏನಾರ ಮಾಡೋ ತಮ್ಮಾ."

ಮುಂದಿನ ಬಂದ್‌ನಲ್ಲಿ ಮನೆಯಲ್ಲೇ ಕೂತು ಮಾಡಿದೆ. ಯಾವ ಮನೆ ಎಷ್ಟು ಎಳೆಯುತ್ತದೆ ಎಂದು ತಿಳಿದರೆ ಸಾಕಾಗಿತ್ತು. ಆದರೆ ನನ್ನ ಸಾಫ್ಟ್‌ವೇರ್ ಯಾವ ಮನೆ, ಎಷ್ಟು ಗಂಟೆಗೆ, ಯಾವ ಪುಟ ನೋಡಿತು ಎಂಬುದನ್ನೂ ಬರೆದಿಡುತ್ತಿತ್ತು. ಏಕೆ ಎಂದರೆ, ಮುಂದೆ ಬೇಕಾದೀತು ಎಂದು. ನಮ್ಮ ಕಸುಬಿನವರ ಬಾಯಿಂದ 'ಬೇಕಾದೀತು' ಎಂಬ ಮಾತು ಬಂದಾಗಲೆಲ್ಲ ಯಾರದೋ ಮನೆಗೆ ಕಿಟಕಿ ಕೊರೆದ ಹಾಗೆ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಹೆಮ್ಮೆ ಮಾತ್ರ. ಹೆಸರು ಒತ್ತಿದರೆ ಪಟ್ಟಿ ತೆರೆಯುತ್ತಿತ್ತು. ಪಟ್ಟಿಯ ಸಾಲು ಒತ್ತಿದರೆ ಆ ಪುಟವೇ ತೆರೆಯುತ್ತಿತ್ತು. ಮಾಣಿಕಣ್ಣ ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದ.

ವಾರಕ್ಕೊಮ್ಮೆ ಹಳೆಯದನ್ನು ಅಳಿಸುವ ಏರ್ಪಾಡು ಮಾಡಬೇಕೆಂದು ಪ್ರೋಗ್ರಾಮಿನೊಳಗೆ ನನಗೆ ನಾನೇ ಒಂದು ಸಾಲು ಬರೆದುಕೊಂಡಿದ್ದೆ: ಇದನ್ನು ಆಮೇಲೆ ಮಾಡುವುದು. ಆ 'ಆಮೇಲೆ' ಇವತ್ತಿಗೂ ಬಂದಿಲ್ಲ. ಬರೆಯುವುದು ಯಂತ್ರ, ನಾನು ಓದುವುದಿಲ್ಲ, ಮಾಣಿಕಣ್ಣನಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ಯಾರೂ ನೋಡಿದಂತಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ತಮಾಷೆ ಏನೆಂದರೆ, ಅದೇ ದಿನಗಳಲ್ಲಿ ಚಹಾದ ಹೋಟೆಲಿನಲ್ಲಿ ನಾನು ಭಾಷಣ ಬಿಗಿಯುತ್ತಿದ್ದೆ. ಚಳವಳಿಯ ಹುಡುಗರ ಫೋನನ್ನು ಪೊಲೀಸರು ಕದ್ದು ಕೇಳುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. "ನಮ್ಮ ಮಾತು ನಮ್ಮ ಮನೀ ಇದ್ದಂಗ. ಕೇಳದೆ ಒಳಗ ಬರಾಕ ಇವರ್ಯಾರು?" ಎಂದು ಮೇಜು ಗುದ್ದಿದಾಗ ಕಪ್ಪಿನ ಚಹಾ ಸಾಸರಿಗೆ ಚೆಲ್ಲಿತ್ತು. ಎಲ್ಲರೂ ಹೌದು ಹೌದು ಎಂದರು. ಚಹಾ ಕುಡಿದು ನೇರ ಮಾಣಿಕಣ್ಣನ ಆಫೀಸಿಗೆ ಹೋಗಿ ಪಟ್ಟಿ ಸರಿಯಾಗಿ ಬರುತ್ತಿದೆಯೇ ಎಂದು ನೋಡಿದೆ.

ಶಿವಪ್ಪ ಮಾಸ್ತರರ ಮನೆ ಅಲ್ಲಿಂದ ಎರಡು ಓಣಿ ಆಚೆಗೆ. ಮಾಸ್ತರರು, ಅವರ ಹೆಂಡತಿ, ಮಗಳು ಮಹಾನಂದಾ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕಸೂತಿಯ ಬಟ್ಟೆ ಹೊದಿಸಿದ ಕಂಪ್ಯೂಟರು. ಲೈನ್ ಕೊಡಲು ನಾನೇ ಹೋಗಿದ್ದೆ. ಫಾರ್ಮ್ ಇಂಗ್ಲಿಷಿನಲ್ಲಿತ್ತು. ಮಾಸ್ತರರು, "ನೀನೇ ತುಂಬವ್ವಾ, ನನಗ ಕಣ್ಣು ಕಾಣಲ್ಲ" ಎಂದು ಮಗಳ ಕಡೆ ತಳ್ಳಿದರು. ಆಕೆ ತುಂಬುತ್ತಾ ತುಂಬುತ್ತಾ ಪೆನ್ನು ನಿಲ್ಲಿಸಿ, "ಅಣ್ಣಾ, ಇದರಾಗ ನನ್ನ ಹೆಸರು ಬರೀಲೇನು, ಅಪ್ಪಂದು ಬರೀಲೇನು?" ಎಂದಳು.

"ಯಾರ ಹೆಸರಿದ್ರ ಏನವ್ವಾ, ಯಾರು ನೋಡ್ತಾರ," ಎಂದೆ.

ಆಕೆ ತನ್ನ ಹೆಸರು ಬರೆದಳು. ಅಂದಿನಿಂದ ಆ ಮನೆಯ ಯಾರು ಏನು ನೋಡಿದರೂ ನನ್ನ ಪಟ್ಟಿಯಲ್ಲಿ ಮಹಾನಂದಾ ನೋಡಿದಳೆಂದೇ ಬೀಳುತ್ತಿತ್ತು. ಮನೆಯೊಂದು, ಮನುಷ್ಯರು ಮೂವರು ಎಂಬ ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ ಎಂದಲ್ಲ. ಹೊಳೆದಿತ್ತು. ಅದಕ್ಕೂ 'ಆಮೇಲೆ' ಎಂದಿದ್ದೆ.

ಆ ಬೇಸಿಗೆಯಲ್ಲಿ ನನ್ನ ಬಲಗೈ ಮೊಣಕೈಯ ಒಳಭಾಗದಲ್ಲಿ ಎಂಟಾಣೆಯಷ್ಟು ಅಗಲದ ಬಿಳಿ ಕಲೆ ಕಾಣಿಸಿತು. ಉಜ್ಜಿದೆ, ಹೋಗಲಿಲ್ಲ. ತೊನ್ನು ಎಂಬ ಪದವನ್ನು ಮನಸ್ಸಿನಲ್ಲೂ ಪೂರ್ತಿ ಹೇಳಿಕೊಳ್ಳಲು ಧೈರ್ಯವಿರಲಿಲ್ಲ. ಮನೆಯಲ್ಲಿ ನನಗೆ ಹೆಣ್ಣು ನೋಡುವ ಮಾತು ಶುರುವಾಗಿತ್ತು. ಏನಿದು, ಹರಡುತ್ತದೆಯೇ, ಔಷಧ ಇದೆಯೇ ಎಂದು ಓದಬೇಕು. ನಮ್ಮ ಮನೆಯಲ್ಲೇ ಕಂಪ್ಯೂಟರಿತ್ತು, ಲೈನಿತ್ತು. ಆದರೆ ಆ ಲೈನು ನನ್ನ ಹೆಸರಿನಲ್ಲಿತ್ತು. ಯಾರೂ ನೋಡುವುದಿಲ್ಲ ಎಂದು ಊರಿಗೆಲ್ಲ ಹೇಳಿದವನು ನನ್ನ ಮನೆಯ ಕೀಬೋರ್ಡಿನ ಮೇಲೆ ಬೆರಳಿಡಲಿಲ್ಲ. ಮಾಸ್ತರರ ಮನೆಯಿಂದ ನೆಟ್ ಬರುತ್ತಿಲ್ಲವೆಂದು ಕರೆ ಬಂತು. ಹೋಗಿ ಎರಡು ನಿಮಿಷದಲ್ಲಿ ಸರಿ ಮಾಡಿ, ಅರ್ಧ ಗಂಟೆ ಕೂತು ನನ್ನ ಕಲೆಯ ಬಗ್ಗೆ ಓದಿದೆ. ಮಹಾನಂದಾ ಚಹಾ ತಂದಿಟ್ಟಳು. ಆಕೆ ಬರುವ ಸಪ್ಪಳಕ್ಕೆ ಪುಟ ಮುಚ್ಚಿದೆ. ಇನ್ನೂ ಎರಡು ಸಲ, ಲೈನ್ ಪರೀಕ್ಷೆ ಮಾಡುವ ನೆಪದಲ್ಲಿ ಹೋಗಿ, ಓದಿ ಬಂದೆ.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಹೆಣ್ಣು ಗೊತ್ತು ಮಾಡುವ ಮೊದಲು ಗಂಡಿನ ಕಡೆಯ ಒಬ್ಬ ಹಿರಿಯ ಬಂದು ಸದ್ದಿಲ್ಲದೆ ಓಣಿಯಲ್ಲಿ ಪೂಛ್‌ತಾಛ್, ಅಂದರೆ ವಿಚಾರಣೆ, ಮಾಡುತ್ತಾನೆ. ನೆಂಟರನ್ನು ಕೇಳುವುದಿಲ್ಲ, ನೆಂಟರು ಒಳ್ಳೆಯದನ್ನೇ ಹೇಳುತ್ತಾರೆ. ಆ ಮನೆಗೆ ಸಾಮಾನು ಕೊಡುವವರನ್ನು ಕೇಳುತ್ತಾನೆ. ಕಿರಾಣಿಯವನು, ಹಾಲಿನವನು, ಬಟ್ಟೆ ಹೊಲಿಯುವವನು. ಅವರಿಗೆ ಮನೆಯ ಒಳಗು ಗೊತ್ತಿರುತ್ತದೆ ಎಂಬ ನಂಬಿಕೆ. ಕೇಳಿದ್ದಕ್ಕೆ ಮುಚ್ಚಿಡದೆ ಹೇಳುವುದು ಅವರ ಧರ್ಮ. ಎರಡು ಸಂಸಾರದ ಪ್ರಶ್ನೆ ನೋಡಿ. ಹಾಗಿರುವಾಗ ನೆಟ್ ಕೊಡುವವನನ್ನು ಯಾರಾದರೂ ಕೇಳಿಯಾರು ಎಂಬುದು ಈ ಓಣಿಗಳಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಬೇಕಿತ್ತು.

ನಾರಾಯಣಖೇಡದಿಂದ ಮಹಾನಂದಾಳಿಗೆ ಸಂಬಂಧ ಬಂತು. ಹುಡುಗ ನೌಕರಿಯಲ್ಲಿದ್ದ, ಎರಡೂ ಕಡೆ ಮನಸ್ಸಿತ್ತು, ಮಾಸ್ತರರು ಸೀರೆ ನೋಡಲೆಂದು ಬೀದರಿಗೂ ಹೋಗಿ ಬಂದಿದ್ದರು. ಎರಡು ಬಂದ್‌ಗಳ ನಡುವೆ ಬಸ್ಸು ಬಿಟ್ಟ ಒಂದು ಮಧ್ಯಾಹ್ನ ಹುಡುಗನ ಕಾಕಾ ಬಂದು ಕಿರಾಣಿ, ಹಾಲು ಎಲ್ಲ ಮುಗಿಸಿ ಮಾಣಿಕಣ್ಣನ ಆಫೀಸಿಗೆ ಬಂದ. ನಾನು ಮೂಲೆಯ ಮೇಜಿನಲ್ಲಿದ್ದೆ.

"ಭಾಳ ಚೊಲೋ ಮಂದಿ ಅದಾರ್ರಿ," ಎಂದ ಮಾಣಿಕಣ್ಣ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ಮೇಲಿನ ಅಭಿಮಾನ ಆತನನ್ನು ನಿಲ್ಲಗೊಡಲಿಲ್ಲ. "ನಮ್ಮ ಹುಡುಗ ಒಂದು ಮಷೀನ್ ಮಾಡ್ಯಾನ ನೋಡ್ರಿ. ಹುಡುಗಿ ಓದೋದು ಬರಿಯೋದು ಎಲ್ಲಾ ಇದರಾಗ ಕಾಣ್ತದ. ಎಷ್ಟು ಶಾಣ್ಯಾಕಿ ಅಂತ ನೀವೇ ನೋಡ್ರಿ."

ಹೆಸರು ಒತ್ತಿದ. ಪಟ್ಟಿ ಬಂತು. ಒಂದು ಸಾಲು ಒತ್ತಿದ. ಇಂಗ್ಲಿಷ್ ಇಬ್ಬರಿಗೂ ಬರುತ್ತಿರಲಿಲ್ಲ, ಆದರೆ ಚಿತ್ರಕ್ಕೆ ಯಾವ ಇಂಗ್ಲಿಷು? ಬಿಳಿ ಕಲೆಯ ಕೈ, ಬಿಳಿ ಕಲೆಯ ಕುತ್ತಿಗೆ. ಇನ್ನೊಂದು ಸಾಲು, ಮತ್ತೊಂದು ಸಾಲು ಒತ್ತಿದ, ಮತ್ತೆ ಅದೇ, ತಾರೀಖು ಮಾತ್ರ ಬೇರೆ ಬೇರೆ. ಮಾಣಿಕಣ್ಣನ ಮುಖ ಸಣ್ಣದಾಯಿತು. ಕಾಕಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಸಾಕು ಬಿಡ್ರಿ," ಎಂದ. "ಒಂದೇ ದಿನ ಆದ್ರ ಮಾತು ಬ್ಯಾರೆ. ಮೂರು ದಿನ ನೋಡ್ಯಾಳ."

ಆ ಮೂರು ದಿನ, ಆ ಮೂರು ಹೊತ್ತು ನನಗೆ ಬಾಯಿಪಾಠವಿತ್ತು. ಅದು ನಾನು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ತೋಳು ಮೇಲೇರಿಸಿ ತೋರಿಸಿದ್ದರೆ ಮಾತೂ ಬೇಕಿರಲಿಲ್ಲ. ನಾನು ಮೇ ತಿಂಗಳ ಸೆಕೆಯಲ್ಲಿ ತೊಟ್ಟಿದ್ದ ಪೂರ್ತಿ ತೋಳಿನ ಅಂಗಿಯ ಗುಂಡಿ ಹಾಕಿದೆಯೇ ಎಂದು ನೋಡಿಕೊಂಡೆ. ಕಾಕಾ ಚಹಾ ಕುಡಿದು ಹೋದ.

ಹುಡುಗ ಇನ್ನೂ ಓದಬೇಕಂತಾನೆ ಎಂದು ನಾರಾಯಣಖೇಡದಿಂದ ಸುದ್ದಿ ಬಂತು. ಆದರೆ ಹುಡುಗಿ ಬಿಳಿ ಕಲೆಯ ಪುಟ ನೋಡುತ್ತಾಳೆ ಎಂಬ ಮಾತು ಅದಕ್ಕೂ ಮೊದಲೇ ಓಣಿಗೆ, ಓಣಿಯಿಂದ ಮಾಸ್ತರರ ಮನೆಗೆ ಮುಟ್ಟಿತ್ತು. ಆಮೇಲೆ ಬಂದ ತಾಂಡೂರಿನ ಸಂಬಂಧವೂ ಹಾಗೇ ಹಿಂದೆ ಸರಿಯಿತು. ಕೊಡಂಗಲ್‌ನವರಂತೂ ನೋಡಲೂ ಬರಲಿಲ್ಲ. ತಾಯಿ ಮಗಳನ್ನು ಬೀದರಿನ ಡಾಕ್ಟರಿಗೆ ತೋರಿಸಿದಳು. ಏನೂ ಇಲ್ಲ ಎಂದರು ಡಾಕ್ಟರು. ಇಲ್ಲದಿದ್ದರೆ ಡಾಕ್ಟರ ಹತ್ತಿರ ಏಕೆ ಹೋದರು ಎಂದಿತು ಓಣಿ.

ಒಂದು ದಿನ ಮಹಾನಂದಾ ನಮ್ಮ ಮನೆಗೇ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಬಾಗಿಲಲ್ಲೇ ನಿಂತಳು. "ಅಣ್ಣಾ, ನಿಮಗ ಕಂಪ್ಯೂಟರ್ ಗೊತ್ತದ. ಆ ಪುಟ ಯಾರು ನೋಡ್ಯಾರ ಅಂತ ತಿಳೀತದೇನ್ರಿ? ನಾ ನೋಡಿಲ್ಲ. ಅವ್ವಗ ಓದಾಕ ಬರಲ್ಲ. ಅಪ್ಪ ನೋಡಿಲ್ಲ ಅಂತಾರ, ಆದ್ರ ನನಗ ಅಪ್ಪನ ಮ್ಯಾಲೇ ಸಂಶಯ ಬರ್ಲತ್ತದ. ಅಪ್ಪಗ ನನ್ನ ಮ್ಯಾಲ. ಮನ್ಯಾಗ ಒಬ್ಬರ ಮಾರಿ ಒಬ್ಬರು ನೋಡೋದು ಬಿಟ್ಟೀವಿ."

"ವೈರಸ್ ಇರ್ಬೇಕವ್ವಾ," ಎಂದೆ. "ತಾನೇ ಪುಟ ತೆಗೀತದ ಅದು."

"ಹಂಗಾದ್ರ ನೀವೇ ಬಂದು ಅಪ್ಪಗ ಹೇಳ್ರಿ," ಎಂದಳು. ಮುಖ ಒಂದು ಕ್ಷಣ ಬೆಳಗಿತು.

ಹೋದೆ, ಹೇಳಿದೆ, ಅಷ್ಟಕ್ಕೇ ಬಿಡದೆ ವೈರಸ್ ತೆಗೆಯುತ್ತೇನೆಂದು ಕಂಪ್ಯೂಟರನ್ನು ಪೂರ್ತಿ ಅಳಿಸಿದೆ. ಆಕೆಯ ನೋಟ್ಸು, ಅವರ ಮನೆಯ ಫೋಟೋಗಳು, ನಾನು ಅಲ್ಲಿ ಕೂತಿದ್ದ ಗುರುತು, ಎಲ್ಲ ಹೋದವು. ಮಾಸ್ತರರು ಕೈ ಮುಗಿದರು. ಆದರೆ ಓಣಿಗೆ ವೈರಸ್ಸಿನ ಕಥೆ ಯಾರು ಹೇಳುವುದು? ಹೇಳಿದರೂ ಕೇಳುವವರು ಯಾರು?

ಮರುವರ್ಷ ನನ್ನ ಮದುವೆಯಾಯಿತು. ಹೆಣ್ಣಿನ ಕಡೆಯವರೂ ಪೂಛ್‌ತಾಛ್‌ಗೆ ಬಂದು ಮಾಣಿಕಣ್ಣನನ್ನು ಕೇಳಿದರಂತೆ. ನನ್ನ ಪಟ್ಟಿಯಲ್ಲಿ ಕ್ರಿಕೆಟ್ ಸ್ಕೋರು, ನೌಕರಿಯ ಜಾಹೀರಾತು ಬಿಟ್ಟು ಬೇರೇನೂ ಇರಲಿಲ್ಲ. ಅಷ್ಟು ಚೊಕ್ಕ ಪಟ್ಟಿ ಇಡೀ ಊರಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಮದುವೆಗೆ ಮೊದಲೇ ಹೆಂಡತಿಗೆ ಎಲ್ಲ ಹೇಳಿದ್ದೆ ಎಂದು ಬರೆಯಲು ಆಸೆಯಾಗುತ್ತದೆ, ಹೇಳಿರಲಿಲ್ಲ. ಕಲೆ ನೋಡಿ ಆಕೆ, "ಇಷ್ಟರ ಸಲುವಾಗಿ ಬಿಸಿಲಾಗ ಉದ್ದ ತೋಳಿನ ಅಂಗಿ ಹಾಕ್ತಿದ್ರೇನು?" ಎಂದಳು. ಮುಗಿಯಿತು. ಇಷ್ಟೇ ಆಗುವುದಿತ್ತು ನನಗೆ. ಇಷ್ಟಕ್ಕೆ ಹೆದರಿ ನಾನು ಇನ್ನೊಂದು ಮನೆಯನ್ನು ಹಾಳು ಮಾಡಿದ್ದೆ.

ರಾಜ್ಯ ಬಂತು. ನಮ್ಮ ರಾಜ್ಯ ಬಂದರೆ ಎಲ್ಲ ಸರಿಯಾಗುತ್ತದೆ ಎಂದು ಆಗ ಎಲ್ಲರಂತೆ ನಾನೂ ಹೇಳಿಕೊಳ್ಳುತ್ತಿದ್ದೆ, ನನ್ನ 'ಆಮೇಲೆ'ಗಳೂ ಅದರಲ್ಲಿ ಸೇರಿದ್ದವೇನೋ. ಕೆಲವು ವರ್ಷಗಳ ಹಿಂದೆ ತಾಂಡೂರಿನ ಬಸ್ ನಿಲ್ದಾಣದಲ್ಲಿ ಮಹಾನಂದಾ ಕಂಡಳು. ಅಲ್ಲೇ ಯಾವುದೋ ಆಫೀಸಿನಲ್ಲಿ ಕೆಲಸ. ಮಾಸ್ತರರು ತೀರಿಕೊಂಡಿದ್ದರು. "ಕೊನೀತನಕ ನಂದೂ ಅಪ್ಪಂದೂ ಮಾತು ಮೊದಲಿನಂಗ ಆಗಲಿಲ್ಲರಿ," ಎಂದಳು. ಮದುವೆಯ ವಿಷಯ ನಾನು ಕೇಳಲಿಲ್ಲ. ಅಷ್ಟರಲ್ಲಿ ನನ್ನ ಕಲೆ ಬೆರಳುಗಳವರೆಗೆ ಇಳಿದಿತ್ತು. ಆಕೆ ಅದನ್ನು ಬಹಳ ಹೊತ್ತು ನೋಡಿದಳು.

"ಯಾವಾಗಿಂದ ಅಣ್ಣಾ?"

"ಹ್ವಾದ ವರ್ಷದಿಂದ," ಎಂದೆ.

"ಹೆದರಬ್ಯಾಡ್ರಿ. ಅದು ಅಂಟೋದಲ್ಲ, ಜೀವಕ್ಕೇನೂ ಆಗಲ್ಲ. ನಾ ಆವಾಗ ಎಲ್ಲಾ ಓದೀನಿ. ಇಲ್ಲದ ರೋಗ ಹೊರಿಸಿದ್ರಲ್ಲ, ಏನದು ಅಂತ ತಿಳ್ಕೊಬೇಕಂತ."

ಆಕೆಯ ಬಸ್ಸು ಬಂತು. ನನಗೆ ಸಮಾಧಾನ ಹೇಳಿ ಹತ್ತಿ ಹೋದಳು.

ಮೊನ್ನೆಯ ಫಾರ್ಮಿಗೆ ಬರುತ್ತೇನೆ. ಅಕ್ಕನ ಮಗಳ ಕೈಯಿಂದ ಪೆನ್ನು ಕಿತ್ತುಕೊಂಡೆ, ಅವಳು ಬೆಚ್ಚಿದಳು. ಲೈನ್ ಎಳೆಯುವವನು ನಗುತ್ತಾ, "ಯಾರ ಹೆಸರಿದ್ರ ಏನ್ರಿ, ಯಾರು ನೋಡ್ತಾರ," ಎಂದ. ಅದೇ ಮಾತು, ಅದೇ ದನಿ. "ನೋಡ್ತಾರ," ಎಂದು ನನ್ನ ಹೆಸರು ಬರೆದೆ. ಇದರಿಂದ ಏನೂ ಬದಲಾಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆಗ ಬರೆದಿಟ್ಟವನು ಒಬ್ಬ, ಈಗ ಎಷ್ಟು ಜನ ನನ್ನಂಥವರು ಎಲ್ಲೆಲ್ಲಿ ಕೂತು 'ಬೇಕಾದೀತು' ಎನ್ನುತ್ತಿದ್ದಾರೋ.

ಆತ ಹೋದ ಮೇಲೆ ಹುಡುಗಿ, "ಯಾಕ ಮಾಮಾ?" ಎಂದಳು. ಕೂಡಿಸಿಕೊಂಡು ಎಲ್ಲ ಹೇಳಿದೆ. ಆದರೆ ಯಾರೋ ಪರಿಚಯದ ಒಬ್ಬನ ಕಥೆ ಎಂದು ಹೇಳಿದೆ. ಅವಳು ನನ್ನ ಕೈ ನೋಡಿದಳೋ ಇಲ್ಲವೋ, ನಾನು ಅವಳ ಮುಖ ನೋಡಲಿಲ್ಲ.

ಅದಕ್ಕೇ ಇದನ್ನು ಬರೆಯಲು ಕೂತೆ. ಆಕೆಯ ಹೆಸರು ಮಹಾನಂದಾ ಅಲ್ಲ. ಆಕೆಯ ನಿಜವಾದ ಹೆಸರನ್ನು ಒಮ್ಮೆ ಬೇಕಾದಷ್ಟು ಮಂದಿ ನೋಡಿದ್ದಾರೆ, ಇನ್ನೊಮ್ಮೆ ಬೇಡ. ನನ್ನ ಹೆಸರನ್ನಾದರೂ ಈ ಸಲ ನೇರವಾಗಿ ಬರೆಯಬೇಕೆಂದುಕೊಂಡಿದ್ದೆ. ಕೊನೆಯ ಸಾಲಿಗೆ ಬಂದಿದ್ದೇನೆ, ಇನ್ನೂ ಬರೆದಿಲ್ಲ.