ಲಹು ಮುಟ್ಟಿದ ಕೊಪ್ಪರಿಗೆ

ನಮ್ಮ ಕೇರಿಯ ಲಹು ಆವಳೆ ಮೀಸೆ ಮೂಡುವ ಮೊದಲೇ ಚೌಗುಲೆಯವರ ಆಲೆಮನೆ ಸೇರಿ, ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತ ತಲೆ ನೆರೆಸಿಕೊಂಡವನು. ಬೆಂಕಿ ಅವನದು, ಮೇಲಿನ ಕೊಪ್ಪರಿಗೆ ಅವನದಲ್ಲ. ಬೆಲ್ಲ ಕುದಿಯುವ ಕೊಪ್ಪರಿಗೆಯನ್ನು ನಮ್ಮ ಜಾತಿಯವರು ಮುಟ್ಟಬಾರದು. ಆ ಬೆಲ್ಲ ಮಾತ್ರ ನಮ್ಮ ಬೆವರಿಲ್ಲದೆ ಗಟ್ಟಿಯಾಗುವುದಿಲ್ಲ!

ಆ ಶ್ರಾವಣದಲ್ಲಿ ಹೊಳೆ ಪಂಚಗಂಗೆ ಉಕ್ಕಿ ಊರೊಳಗೆ ನುಗ್ಗಿದಳು. ಕೇರಿಯವರೆಲ್ಲ ಮೊದಲೇ ಆಲೆಮನೆಯ ದಿಬ್ಬ ಹತ್ತಿದ್ದೆವು. ಚೌಗುಲೆಯವರ ಓಣಿಯವರು ಕಲ್ಲಿನ ಮನೆ ನಂಬಿ ಕೂತವರು, ಈಗ ಮಾಳಿಗೆಯ ಮೇಲೆ ಬಾಯಿ ಬಡಿದುಕೊಳ್ಳುತ್ತಿದ್ದರು. ಹತ್ತಿರದಲ್ಲಿ ದೋಣಿ ಇರಲಿಲ್ಲ. ನಮ್ಮ ಜೊತೆ ನೋಡುತ್ತ ನಿಂತಿದ್ದ ಲಹು, ಮಳೆಗಾಲಕ್ಕೆಂದು ಬೋರಲು ಹಾಕಿದ್ದ ಕೊಪ್ಪರಿಗೆಗೆ ಕೈ ಹಚ್ಚಿದ.

"ಮುಟ್ಟಬ್ಯಾಡೋ, ಮಾಲಕರು ಚರ್ಮಾ ಸುಲೀತಾರ!" ಎಂದೆ.

"ಮಾಲಕರು ಉಳದ್ರ ಸುಲೀತಾರ. ಹಿಡಿ ಆ ಕಡೆ!"

ದುಂಡನೆಯ ಕೊಪ್ಪರಿಗೆ ನೀರಿನಲ್ಲಿ ಗಿರಗಿರ ತಿರುಗುತ್ತದೆ. ಲಹು ಈಜುತ್ತಲೇ ಅದರ ಅಂಚು ಹಿಡಿದು ತಳ್ಳಿದ. ಸಂಜೆಯೊಳಗೆ ಓಣಿಯ ಜನರನ್ನೆಲ್ಲ ಅದರಲ್ಲಿ ಕೂರಿಸಿ ದಡ ಸೇರಿಸಿದ. ಕಡೆಯವಳು ಮಾಲಕರ ತಾಯಿ, ಊರಿಗೆಲ್ಲ ಆಯಿ. ಹೆದರಿದ ಮುದುಕಿ ಅವನ ಕೊರಳಿಗೆ ಜೋತುಬಿದ್ದು, "ನೀನಽ ನನ್ನ ಮಗಾ, ಲಹೂ" ಎಂದು ಅತ್ತಳು. ಆ ಮಾತನ್ನು ಅವನು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ.

"ಈ ಸಲ ಒಲಿ ಮುಂದ ಕೂಡಂಗಿಲ್ಲೋ. ಮ್ಯಾಲ ನಿಂತು ಬೆಲ್ಲಾ ತಿರುವ್ತೀನಿ. ಆಯಿ ಬ್ಯಾಡ ಅಂತಾರೇನು?"

ಅವನಿಗೆ ಬೇಕಾಗಿದ್ದು ಅಷ್ಟೇ.

ದೀಪಾವಳಿ ಮುಗಿದು ಆಲೆ ಹೂಡುವ ದಿನ ಒಗೆದ ಅಂಗಿ ತೊಟ್ಟು ಹೊರಟ. ನಾನೂ ಹೋದೆ. ಅಂಗಳದಲ್ಲಿ ಕೊಪ್ಪರಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಪಕ್ಕದಲ್ಲಿ ಗೋಮೂತ್ರದ ತಂಬಿಗೆ. ತಿಕ್ಕುತ್ತಿದ್ದವರೆಲ್ಲ ಅದರಲ್ಲೇ ಕೂತು ಜೀವ ಉಳಿಸಿಕೊಂಡವರು. ಒಬ್ಬನೂ ತಲೆ ಎತ್ತಲಿಲ್ಲ. ಮುದುಕಿ ಕಟ್ಟೆಯ ಮೇಲೆ ಕೂತು, "ಅಂಚಿಗಿ ಇನ್ನಷ್ಟು ತಿಕ್ಕ್ರೋ, ಅಂವಾ ಅಲ್ಲೇ ಹಿಡದಿದ್ದ" ಎನ್ನುತ್ತಿದ್ದಳು.

ಲಹು ಬಾಗಿಲಲ್ಲೇ ನಿಂತ.

"ಆಯೀ, ಅವತ್ತು ನನ್ನ ಕೊರಳಿಗಿ ಜೋತು ಬಿದ್ದಿದ್ರಲ್ಲ. ಆ ಕೈಗೆ ಏನ್ ಹಚ್ಚಿ ತಿಕ್ಕಿದ್ರಿ?"

ಮುದುಕಿ ಸಿಟ್ಟಾಗಲಿಲ್ಲ. ಅಕ್ಕರೆಯಿಂದಲೇ ಹೇಳಿದಳು:

"ಅದರ ಚಿಂತಿ ನಿನಗ ಬ್ಯಾಡೋ ಮಗನಽ. ದಡಾ ಹತ್ತಿದ ಕೂಡ್ಲೇ ಜಳಕಾ ಮಾಡೀನಿ. ಹೋಗು, ಒಲಿ ಹಚ್ಚು."