ಹುಳಮನೆಯ ಕಿಟಕಿ

ಆಗ ನಮ್ಮದು ನಾಡಹೆಂಚಿನ ಮನೆ, ಬೈರಮಂಗಲದ ಆಚೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸಬೇಕಿತ್ತು. ಅಂದರೆ ಒಂದೊಂದನ್ನೂ ತೆಗೆದು, ಒಡೆದದ್ದನ್ನು ಎಸೆದು, ಕಸ ಗುಡಿಸಿ ಮತ್ತೆ ಹೊದಿಸಬೇಕು. ಎರಡು ಸಾವಿರದ ಇಸವಿ ದಾಟಿ ಬಿಡದಿಯಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದಾಗ, ನಮ್ಮೂರಲ್ಲಿ ಆ ಕೆಲಸ ಬಲ್ಲ ಇಬ್ಬರೂ ಗೇಟಿನ ಕಾವಲಿಗೆ ಸೇರಿಕೊಂಡರು. ಕರೆಯಲು ಹೋದರೆ, "ಈಗ್ಯಾರ್ಲಾ ಹೆಂಚು ಹತ್ತಾರು?" ಎಂದು ನಕ್ಕರು.

ನಾನೂ ಒಂದು ಕಾರ್ಖಾನೆಯ ಪ್ಯಾಕಿಂಗ್ ಕೆಲಸದಲ್ಲಿದ್ದೆ. ಬಿಡಿಭಾಗ ಸುತ್ತಿ ಬರುವ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ಅಲ್ಲಿ ಗುಜರಿಗೆ ಹಾಕುತ್ತಿದ್ದರು. ಕೇಳಿ ಒಂದು ಹೊರೆ ತಂದೆ. ಹೆಂಚಿನ ಮೇಲೆ ಹೊದಿಸಿ, ಹಳೇ ಟೈರು ಹೇರಿ, ಕಿಟಕಿಗಳ ಮೇಲೂ ಇಳಿಬಿಟ್ಟು ಹಗ್ಗ ಬಿಗಿದೆ. ಮಾರನೇ ಸಂಜೆ ಆಲಿಕಲ್ಲು ಮಳೆ ಹೊಡೆಯಿತು. ಊರಿನ ಅರ್ಧ ಮನೆಗಳು ಸೋರಿದವು, ನಮ್ಮಲ್ಲಿ ಒಂದು ಹನಿ ಇಲ್ಲ. ಪಕ್ಕದ ಮನೆಯವರಿಗೆ ಕೇಳುವಂತೆ "ಒಸಿ ತಲೆ ಓಡುಸ್ಬೇಕು" ಅಂದೆ. ಆ ಮಾತು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ಅವ್ವನಿಗೆ ಮನೆಗಿಂತ ಹುಳಮನೆಯ ಚಿಂತೆ. ಮನೆಯ ಉದ್ದನೆಯ ಕೋಣೆಯಲ್ಲೇ ಅವಳು ರೇಷ್ಮೆ ಹುಳ ಸಾಕುತ್ತಿದ್ದಳು. ಹುಳಕ್ಕೆ ರೋಗ ತಗಲುತ್ತದೆಂದು ಕೈಕಾಲು ತೊಳೆಯದೆ ಯಾರೂ ಅದರ ಹೊಸ್ತಿಲು ದಾಟುವಂತಿರಲಿಲ್ಲ. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ, ಪೊರೆ ಬಿಟ್ಟು ಮತ್ತೆ ತಿನ್ನತೊಡಗಿದರೆ ಜ್ವರ ಎದ್ದಿತು ಅನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ಹುಳಕ್ಕೆ ಸೊಪ್ಪೂ ಹೆಚ್ಚು ಬೇಕು, ಗಾಳಿಯೂ ಹೆಚ್ಚು ಬೇಕು. ನಮ್ಮವು ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು.

ಮಳೆಯ ಮಾರನೇ ಬೆಳಿಗ್ಗೆ ಅವ್ವ, ಅಣ್ಣ ಹರಕೆ ತೀರಿಸಲು ಕಬ್ಬಾಳಿಗೆ ಹೊರಟರು. ತವರಿಗೆ ಹೋಗಿದ್ದ ಅತ್ತಿಗೆ ಮಧ್ಯಾಹ್ನ ಬಂದು ಸೊಪ್ಪು ಹಾಕುವುದೆಂದು ಮಾತಾಗಿತ್ತು.

"ಲೇ, ಬಿಸ್ಲು ಏರೋದ್ರೊಳಗೆ ಕಿಟ್ಕಿ ಪ್ಲಾಸ್ಟಿಕ್ ಎತ್ಬುಡ್ಲಾ. ಹುಳ ಬೆಂದೋಯ್ತವೆ," ಅಂದಳು ಅವ್ವ.

"ಎತ್ತೀನಿ, ನೀನು ವೋಗವ್ವ," ಅಂದೆ.

ಅಷ್ಟರಲ್ಲಿ ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಊಟದ ಡಬ್ಬಿ ಹಿಡಿದು ಓಡಿದೆ. ಕಿಟಕಿ ನೆನಪಾದದ್ದು ಕಾರ್ಖಾನೆ ಶೆಡ್ಡಿನ ತಗಡು ಕಾದು ಬೆನ್ನಿನ ಮೇಲೆ ಬೆವರು ಇಳಿಯತೊಡಗಿದಾಗ. ಅರ್ಧ ದಿನ ರಜೆ ಕೇಳಬಹುದಿತ್ತು. ಇಸ್ತ್ರಿ ಅಂಗಿಯ ಸೂಪರ್‌ವೈಸರ್ ಮುಂದೆ ಹುಳದ ಮಾತೆತ್ತಲು ನಾಚಿಕೆಯಾಯಿತು. ಸಾಯಲಿಕ್ಕಿಲ್ಲ ಬಿಡು ಎಂದು ನನಗೆ ನಾನೇ ಹೇಳಿಕೊಂಡು ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತ ಉಳಿದೆ.

ಸಂಜೆ ಬಂದಾಗ ಅತ್ತಿಗೆ ತೋಟಕ್ಕೆ ಹೋಗಿದ್ದಳು. ಪ್ಲಾಸ್ಟಿಕ್ ಎತ್ತಿದಾಗ ಒಳಗಿನ ಧಗೆ ಮುಖಕ್ಕೆ ರಾಚಿತು. ಅವ್ವ ಬಂದದ್ದು ಹೊತ್ತು ಮುಳುಗಿದ ಮೇಲೆ. ಕಿಟಕಿ ನೋಡಿ, "ಸದ್ಯ, ಎತ್ತಿದ್ದೀಯ," ಅಂದಳು. ನಾನು "ಹೂಂ" ಅಂದೆ.

ಮೂರನೇ ದಿನಕ್ಕೆ ಹುಳ ಸೊಪ್ಪು ಮುಟ್ಟದೆ ಮೆತ್ತಗಾಗಿ ಬಿದಿರು ತಟ್ಟೆಗಳಲ್ಲೇ ಕೊಳೆತವು. ಅಣ್ಣ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದ. ಅವ್ವ ಅತ್ತಿಗೆಯ ಕಡೆ ತಿರುಗಿದಳು. ಅತ್ತಿಗೆ ಮಾಗಡಿ ಕಡೆಯ ರಾಗಿ ಹೊಲದವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹುಳ ಸಾಕಿ ಗೊತ್ತಿರಲಿಲ್ಲ.

"ಅವತ್ತು ಒಳೀಕೆ ವೋದೋಳು ನೀನೇ ತಾನೆ? ಕೈಕಾಲು ತೊಳ್ಕಂಡಿದ್ದಾ?"

ಅತ್ತಿಗೆ ನೆಲ ನೋಡುತ್ತ, "ಇಲ್ಲ ಅತ್ತೆ, ಮರ್ತೆ," ಅಂದಳು.

"ಇನ್ಮೇಲೆ ಈ ಹುಳಮನೆ ಹೊಸ್ಲು ತುಳೀಬ್ಯಾಡ."

ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಅವ್ವ ಬದುಕಿರುವವರೆಗೂ ಹುಳ ಸಾಕಿದಳು. ಅಷ್ಟು ವರ್ಷವೂ ಅತ್ತಿಗೆ ತೋಟದಿಂದ ಸೊಪ್ಪು ಹೊತ್ತು ತಂದು ಹೊಸ್ತಿಲಾಚೆ ಇಳಿಸಿ ಹಿಂದೆ ಸರಿದು ನಿಲ್ಲುತ್ತಿದ್ದಳು. ನೆಂಟರು ಬಂದಾಗ ಅವ್ವ "ಇವಳ ಕೈಗುಣ ಆಗಲ್ಲ" ಅನ್ನುವುದೂ ಇತ್ತು. ಆಗೆಲ್ಲ ನಾನು ತಟ್ಟೆಯಲ್ಲಿದ್ದ ಮುದ್ದೆಯನ್ನೇ ನೋಡುತ್ತಿದ್ದೆ. ಹೇಡಿ ನಾನು, ಬೇರೆ ಮಾತಿಲ್ಲ.

ಅವ್ವ ಹೋದಳು, ಹುಳ ಸಾಕುವುದೂ ನಿಂತಿತು. ಹೆಂಚು ಇಳಿಸಿ ಶೀಟು ಹಾಕಿಸಿದೆವು. ಆ ಕೋಣೆಯಲ್ಲಿ ಈಗ ನನ್ನ ಬೈಕು, ರಾಗಿ ಮೂಟೆಗಳು. ಆದರೂ ಅತ್ತಿಗೆ ಅದರ ಹೊಸ್ತಿಲು ತುಳಿದಿರಲಿಲ್ಲ. ಒಂದು ಮಧ್ಯಾಹ್ನ ಜಗುಲಿಯಲ್ಲಿ ಅತ್ತಿಗೆ ಅವರೆಕಾಯಿ ಸುಲಿಯುತ್ತಿದ್ದಾಗ ಧೈರ್ಯ ಮಾಡಿದೆ.

"ಅತ್ತಿಗೆ, ಅವತ್ತು ಹುಳ ಸತ್ತಿದ್ದು..."

"ನನ್ನಿಂದ್ಲೇ ಕಣಪ್ಪ," ಅಂದಳು, ಕಾಯಿ ಸುಲಿಯುತ್ತಲೇ. "ಕೈಕಾಲು ತೊಳ್ಕಂಡೇ ವೋಗಿದ್ದೆ. ಕಿಟ್ಕಿ ಮುಚ್ಚಿತ್ತು, ಒಳ್ಗೆ ಧಗೆ. ನಾನು ತವ್ರಿಗೆ ವೊಂಟಾಗ ಅತ್ತೆ ಹುಳ ಜ್ವರಕ್ಕೆ ಕೂತವೆ ಅಂದಿದ್ರು. ಜ್ವರ ಬಂದೋರ್ನ ಬೆಚ್ಗೆ ಮಲಗುಸಲ್ವಾ, ಅಂಗೇ ಮಾಡವ್ರೆ ಅನ್ಕಂಡು ಬಾಗ್ಲೂ ಎಳ್ಕಂಡು ಬಂದೆ. ಆಮೇಲೆ ಅದ ಯೋಳಾಕೆ ಭಯ ಆಯ್ತು. ಕೈಕಾಲು ತೊಳ್ದಿಲ್ಲ ಅಂತ ಒಪ್ಕಂಡುಬುಟ್ಟೆ."

ಆಗ ಎಲ್ಲ ಹೇಳಿದೆ. ಕಿಟಕಿಯ ಪ್ಲಾಸ್ಟಿಕ್ ಎತ್ತಬೇಕಾದವನು ನಾನು, ಮರೆತವನು ನಾನು, ಸಂಜೆ ಬಂದು ಗುಟ್ಟಾಗಿ ಎತ್ತಿದವನೂ ನಾನು. ಅವಳ ಕೈ ನಿಂತಿತು. ಆ ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದಳು.

"ನಡೀರಿ ಅತ್ತಿಗೆ, ಒಳಗೆ ಬನ್ನಿ," ಅಂದೆ.

"ಈಗ ಒಳ್ಗೆ ಏನೈತೆ ಅಂತ ಕರೀತೀಯ?" ಅಂದಳು.