ಬೆಳೆಗೊಮ್ಮೆ ಗಿಡ್ಡವಾಗುವ ಗಳ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತರಕಾರಿ ತೋಟದ ಶೆಡ್ಡಿನ ಮುಂದೆ ಆಕೆ ನೆಲದ ಮೇಲೆ ಕೂತು ಬಿದಿರು ಗಳವೊಂದರ ಬುಡವನ್ನು ಉಗುರಿನಿಂದ ಒತ್ತಿ ನೋಡುತ್ತಿದ್ದಾರೆ. ಉಗುರು ಇಳಿದರೆ ಕೊಳೆತಿದೆ ಎಂದರ್ಥ. ಇಳಿಯುತ್ತದೆ. ಎಡಗೈಯ ನಾಲ್ಕು ಬೆರಳು ಅಡ್ಡ ಇಟ್ಟು ಅಳೆದು, ಅಷ್ಟನ್ನು ಗರಗಸದಿಂದ ಕೊಯ್ಯುತ್ತಾರೆ. ತುಂಡನ್ನು ಬುಟ್ಟಿಗೆ ಹಾಕುವ ಮುಂಚೆ ಒಂದು ಗಳಿಗೆ ಕೈಯಲ್ಲೇ ಇಟ್ಟುಕೊಂಡಿರುತ್ತಾರೆ. ಪತ್ರಿಕೆಗೆ ಬರೆಯಲೆಂದು ನಾನು ಬಂದದ್ದು ಗೊತ್ತಾಗಿದೆ, ಆದರೂ ತಲೆ ಎತ್ತುವುದಿಲ್ಲ.

ಬೀನ್ಸ್ ಕೊಳ್ಳುವಾಗ ನಾವೆಲ್ಲ ಒಂದನ್ನು ಪಟಕ್ಕನೆ ಮುರಿದು, ನಾರಿದೆಯೇ ಎಂದು ನೋಡಿ, ಚೌಕಾಸಿಗೆ ನಿಲ್ಲುವವರೇ. ಆ ಬಳ್ಳಿ ನೆಲ ಬಿಟ್ಟು ಮೇಲೇರಲು ಯಾರು ಆಸರೆ ಕಟ್ಟಿದರು ಎಂದು ಕೇಳಿದವರುಂಟೇ? ನಾನಂತೂ ಕೇಳಿರಲಿಲ್ಲ. ಈ ತೋಟದಲ್ಲಿ ಕಟ್ಟುವವರು ಈಕೆ. ಎಲ್ಲರ ಬಾಯಲ್ಲಿ ಚಪ್ಪರದಕ್ಕ. ವಯಸ್ಸು ಐವತ್ತೆಂಟು, ಎತ್ತರ ಐದಡಿಗೂ ಕಡಿಮೆ.

ಕೆಲಸ ಕೇಳಲು ಸುಲಭ. ಎದುರುಬದುರು ಎರಡು ಗಳಗಳನ್ನು ಒಂದೂವರೆ ಅಡಿ ಹೂತು, ತುದಿಗಳನ್ನು ಕತ್ತರಿಯ ಹಾಗೆ ಕೂಡಿಸಿ ದಾರದಲ್ಲಿ ಬಿಗಿಯಬೇಕು. ಇಂಥ ಇಪ್ಪತ್ತು ಜೋಡಿಗೆ ಒಂದು ಸಾಲು, ಒಟ್ಟು ಆರು ಸಾಲು. ಬಳ್ಳಿ ಗೇಣುದ್ದವಾಗುವ ಮೊದಲೇ ಮುಗಿಸಬೇಕು. ತಡವಾದರೆ ಬಳ್ಳಿಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ, ಬಿಡಿಸಹೋದರೆ ಕುಡಿ ಮುರಿಯುತ್ತದೆ. ಮೊದಲು ಇದೆಲ್ಲ ಎರಡು ದಿನದ ಕೆಲಸವಾಗಿತ್ತು, ಈಗ ಆರು ದಿನ ಹಿಡಿಯುತ್ತದೆ. ಮೊದಲು ಇಬ್ಬರಿದ್ದರು.

ಇನ್ನೊಬ್ಬರು ಆಕೆಯ ಗಂಡ. ಆರಡಿ ಮೀರಿದ ಆಳು, ಹಾಗಾಗಿ ಏಣಿಯಣ್ಣ. ಗುಂಡಿ ತೋಡಿ ಗಳ ನಿಲ್ಲಿಸುವುದು ಈಕೆಯ ಪಾಲು, ತುದಿಯ ಗಂಟು ಆತನದು. ಕುಳ್ಳಿ, ನೆಲ ನಿನಗೆ, ಆಕಾಶ ನನಗೆ ಎಂದು ಛೇಡಿಸುತ್ತಿದ್ದರಂತೆ. ಹೇಳುವಾಗ ಆಕೆಯ ತುಟಿಯಂಚಿನಲ್ಲಿ ನಗು ಬಂದು ಹೋಗುತ್ತದೆ.

"ಇಪ್ಪತ್ತೆರಡು ವರ್ಷ ಜೊತೇಲಿ ಕಟ್ಟಿದ್ವಿ. ಆ ಗಂಟು ಹೇಗಿರುತ್ತೆ ಅಂತ ಒಂದಿನಾನೂ ನೋಡಿರಲಿಲ್ಲ ನಾನು. ಅಷ್ಟು ಮೇಲಿರ್ತಿತ್ತು."

ಆರು ವರ್ಷದ ಹಿಂದೆ, ಮೊದಲ ಸಾಲಿನ ಮೊದಲ ಜೋಡಿ ಕಟ್ಟಿದ ಏಣಿಯಣ್ಣ ಎದೆ ಹಿಡಿದುಕೊಂಡಂತಿದೆ ಎಂದು ಶೆಡ್ಡಿನೊಳಗೆ ಹೋಗಿ ಮಲಗಿದರು. ಏಳಲಿಲ್ಲ. ಬಳ್ಳಿ ಯಾರಿಗೂ ಕಾಯುವುದಿಲ್ಲವಲ್ಲ, ವಾರದೊಳಗೆ ಚಪ್ಪರದಕ್ಕ ಸ್ಟೂಲು ಹೊತ್ತು ತೋಟಕ್ಕೆ ಬಂದರು. ತಮಗೆ ಗೊತ್ತಿದ್ದ ಗಂಟು ಹಾಕಿ ಉಳಿದದ್ದೆಲ್ಲ ಕಟ್ಟಿದರು. ಹೂ ಬಿಟ್ಟ ಹೊತ್ತಿಗೆ ಬೀಸಿದ ಒಂದೇ ಗಾಳಿಗೆ ಸಾಲುಸಾಲೇ ಮಕಾಡೆ ಮಲಗಿತು. ನಿಂತದ್ದು ಒಂದೇ ಜೋಡಿ, ಗಂಡ ಕಟ್ಟಿಹೋದದ್ದು. ಆಕೆ ಸ್ಟೂಲು ಹತ್ತಿ, ಬಿದ್ದ ಬಳ್ಳಿಗಳ ನಡುವೆ ಮಧ್ಯಾಹ್ನದವರೆಗೆ ನಿಂತು, ಆ ಗಂಟಿನ ಒಂದೊಂದೇ ಸುತ್ತನ್ನು ಬೆರಳಲ್ಲಿ ಮುಟ್ಟಿ ಕಲಿತರು.

"ಬಿಚ್ಚಿ ನೋಡಿದ್ರೆ ಬೇಗ ತಿಳೀತಿತ್ತು. ಬಿಚ್ಚೋಕೆ ಕೈ ಬರಲಿಲ್ಲ."

ಇವತ್ತಿಗೂ ಬಿಚ್ಚಿಲ್ಲ. ಬೆಳೆ ಮುಗಿದಾಗ ಮಿಕ್ಕ ಗಂಟುಗಳನ್ನೆಲ್ಲ ಕತ್ತರಿಸಿ ಗಳಗಳನ್ನು ಒಳಗಿಡುತ್ತಾರೆ. ಈ ಜೋಡಿಯನ್ನು ಮಾತ್ರ ಗಂಟಿನ ಸಮೇತ ಮಡಿಸಿ, ಗೋಣಿ ಸುತ್ತಿ ಮೂಲೆಯಲ್ಲಿ ನಿಲ್ಲಿಸುತ್ತಾರೆ. ನೀಲಿ ನೈಲಾನ್ ದಾರ ಬಿಸಿಲಿಗೆ ಬಿಳಿಚಿಕೊಂಡಿದೆ, ಆದರೆ ಪಟ್ಟು ಬಿಟ್ಟಿಲ್ಲ.

ಬಿಡುತ್ತಿರುವುದು ಬುಡ. ಗಳಗಳೆಲ್ಲ ಏಣಿಯಣ್ಣ ಕಡಿದು ತಂದವು, ಆಗ ಹತ್ತಡಿ ಇದ್ದವು. ಮಣ್ಣೊಳಗಿನ ತುದಿ ಬೆಳೆಗೊಮ್ಮೆ ಕೊಳೆಯುತ್ತದೆ, ಬೆಳೆಗೊಮ್ಮೆ ನಾಲ್ಕು ಬೆರಳು ಕೊಯ್ಯಬೇಕು. ವರ್ಷಕ್ಕೆ ಎರಡು ಬೆಳೆ, ಆರು ವರ್ಷ. ಈ ಬೆಳಗಿನ ಕೊಯ್ತಕ್ಕೆ ಏಳಡಿಗೆ ಬಂದು ನಿಂತಿವೆ. ಹೂತ ಮೇಲೆ ಉಳಿಯುವುದು ಐದೂವರೆ. ಬಳ್ಳಿಗೆ ಅದು ಸಾಲದು, ತುದಿ ಮುಟ್ಟಿ ಜೋತು ಬೀಳುತ್ತದೆ.

ತೋಟದ ಯಜಮಾನಿ ಅದನ್ನೇ ಹೇಳಿದ್ದಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಆಕೆ ಕೆಟ್ಟವರೂ ಅಲ್ಲ. ಕಬ್ಬಿಣದ ಪೈಪು, ಬಲೆ ತರಿಸಿ ಶೆಡ್ಡಿನಲ್ಲಿ ಇಟ್ಟಾಗಿದೆ. ಈ ಬೆಳೆ ಮುಗಿದ ಮೇಲೆ ಗಳಗಳು ಒಲೆಗೆ, ಚಪ್ಪರದಕ್ಕ ಕಳೆ ಕೀಳುವ ಕೆಲಸಕ್ಕೆ. ಒಮ್ಮೆ ಹೂತ ಪೈಪಿಗೆ ಯಾರೂ ಗಂಟು ಹಾಕಬೇಕಿಲ್ಲ. ನ್ಯಾಯವಾದ ಮಾತೇ.

ಬಿಸಿಲೇರುವ ಹೊತ್ತಿಗೆ ಆಕೆ ಗೋಣಿ ಬಿಚ್ಚಿ, ಆ ಜೋಡಿಯ ಬುಡವನ್ನೂ ನಾಲ್ಕು ಬೆರಳು ಕೊಯ್ದು, ಮೊದಲ ಸಾಲಿಗೆ ತರುತ್ತಾರೆ. ಹಿಡಿದುಕೊಳ್ಳಲೇ ಎಂದು ಮುಂದಾಗುತ್ತೇನೆ. ಬೇಡವೆಂದು ಕೈಯಾಡಿಸಿ, ಒಬ್ಬರೇ ಜೋಡಿಯ ಕಾಲು ಅಗಲಿಸಿ ಗುಂಡಿಗಳಲ್ಲಿ ನಿಲ್ಲಿಸಿ, ಬುಡಕ್ಕೆ ಮಣ್ಣೆಳೆದು ತುಳಿಯುತ್ತಾರೆ. ಸ್ಟೂಲು ಶೆಡ್ಡಿನಲ್ಲೇ ಉಳಿದಿದೆ. ಈಗ ಅದು ಬೇಕಿಲ್ಲ, ಕೈ ಚಾಚಿದರೆ ಗಂಟು ಸಿಗುತ್ತದೆ. ಬೆರಳಿಂದ ಒತ್ತಿ ನೋಡಿ, ಅಲ್ಲೇ ಕೈ ಇಟ್ಟುಕೊಂಡು ನಿಲ್ಲುತ್ತಾರೆ.

"ಅಷ್ಟೆತ್ತರದ ಮನುಷ್ಯ. ಕೊಯ್ದು ಕೊಯ್ದು ನಾನೇ ನನ್ನೆತ್ತರಕ್ಕೆ ಇಳಿಸಿಬಿಟ್ಟೆ ನೋಡಿ."

ಮುಂದೆ ಏನಾದರೂ ಆಸೆಯಿದೆಯೇ ಎಂದು ನಮ್ಮ ಕಸುಬಿನ ಹಳೇ ಪ್ರಶ್ನೆಯನ್ನೇ ಕೇಳುತ್ತೇನೆ. ಬೇಕಾದಷ್ಟು ಗಳ ಒಯ್ಯಿ ಅಂದಿದ್ದಾರಂತೆ ಯಜಮಾನಿ. ಮಂಚವೊಂದು ಹಾಕಿದರೆ ತುಂಬಿಹೋಗುವ ಕೋಣೆ ತಮ್ಮದು, ಇದೊಂದು ಜೋಡಿ ಸಾಕು ಎನ್ನುತ್ತಾರೆ. ಬಾಗಿಲ ಪಕ್ಕ ಹಳೇ ಬಕೆಟ್ಟಿನಲ್ಲಿ ಎರಡು ಬೀಜ ಊರಿ ಬಳ್ಳಿ ಹಬ್ಬಿಸುವುದಂತೆ.

"ಗಳ ಮಾತ್ರ ಮಣ್ಣಿಗೆ ಹೂಳಲ್ಲ. ಎರಡು ಕಲ್ಲಿನ ಮೇಲೆ ನಿಲ್ಲಿಸ್ತೀನಿ. ಇನ್ನು ಅವರನ್ನ ಕೊಯ್ಯೋದು ಬೇಡ."